ದಿಲ್ಲಿಯಲ್ಲೊಂದು ಅಂಗೈಯಗಲ ಕಡಲು: ಉಪ್ಪುನೀರಿನ ಮೀನು ಸಾಕುವವರಿಗೆ ಸಂಘ ಬೇಡವೆ?

ಪರಸ್ಥಳದಲ್ಲಿ ಮೂವರು ಕನ್ನಡಿಗರು ಕಲೆತರೆ ನಾಲ್ಕನೆಯ ದಿನ ಅಲ್ಲೊಂದು ಸಂಘ ಹುಟ್ಟುವುದೆಂದು ನಗೆಯಾಡುವವರುಂಟು. ನಗಲಿ, ಆ ಮಾತಿನಲ್ಲಿ ನಮಗೆ ನಾಚಿಕೆಪಡತಕ್ಕದ್ದೇನೂ ಇಲ್ಲ. ದಿಲ್ಲಿ ಕರ್ನಾಟಕ ಸಂಘವು 2023ರ ಫೆಬ್ರವರಿಯಲ್ಲಿ ತನ್ನ ಅಮೃತ ಮಹೋತ್ಸವವನ್ನು ಆಚರಿಸಿದಾಗ, ಎಪ್ಪತ್ತೈದು ವರ್ಷಗಳ ಹಿಂದೆ ಹೀಗೆಯೇ ಕಲೆತ ನಾಲ್ಕಾರು ಮಂದಿಯ ಉತ್ಸಾಹದ ಫಲವನ್ನೇ ನಾವೆಲ್ಲರೂ ಕಂಡೆವು. ಭಜನೆಗೆ, ನಾಟಕಕ್ಕೆ, ಯಕ್ಷಗಾನಕ್ಕೆ, ರಾಜ್ಯೋತ್ಸವಕ್ಕೆ ನಮ್ಮವರು ಕೂಡುತ್ತಾರೆ. ಇಂದು ನಾನು ಸೂಚಿಸಹೊರಟಿರುವ ಸಂಘದ ಉದ್ದೇಶವನ್ನು ಕೇಳಿದರೆ ಮಾತ್ರ ವಾಚಕರಲ್ಲಿ ಕೆಲವರು ಹುಬ್ಬೇರಿಸಿಯಾರು. ಗಾಜಿನ ತೊಟ್ಟಿಯಲ್ಲಿ ಕಡಲ ನೀರನ್ನು ತುಂಬಿ, ಹವಳದ ದಿಬ್ಬಗಳಲ್ಲಿ ವಾಸಿಸುವ ಮೀನುಗಳನ್ನು ಸಾಕುವವರ ಸಂಘ ಅದು. ಕಡಲಿನಿಂದ ಸುಮಾರು ಸಾವಿರ ಕಿಲೋಮೀಟರು ದೂರದ ಈ ದಿಲ್ಲಿಯಲ್ಲಿ!

ಇದು ಸಿರಿವಂತರ ಹುಚ್ಚೆಂದು ಪುಟ ಮಗುಚುವ ಮೊದಲು ನನ್ನದೊಂದು ಅನುಭವವನ್ನು ಕೇಳಬೇಕೆಂದು ಬಿನ್ನಹ.

ಬತ್ತಿದ ಸಾಂಬಾರಿನ ಪಾಠ

ಹೋಟೆಲನ್ನು ತಮ್ಮನ ಕೈಗೊಪ್ಪಿಸಿ ಲೇಖನಿ ಹಿಡಿಯುವ ಮೊದಲು, ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ನಾನೊಂದು ತೊಟ್ಟಿಯನ್ನು ಇರಿಸಿದ್ದೆ. ಇನ್ನೂರು ಲೀಟರಿನ ಉಪ್ಪುನೀರಿನ ತೊಟ್ಟಿ. ಅದರಲ್ಲಿ ಕಿತ್ತಳೆ ಬಣ್ಣಕ್ಕೆ ಬಿಳಿ ಪಟ್ಟೆಯ ಎರಡು ಕ್ಲೌನ್ ಮೀನುಗಳು, ಮೂರು ನೀಲಿ ಡ್ಯಾಮ್ಸೆಲ್ ಮೀನುಗಳು. ಕಾಫಿ ಕುಡಿಯಲು ಬಂದವರು ಲೋಟ ಬರಿದಾದ ಮೇಲೂ ಕುಳಿತೇ ಇರುತ್ತಿದ್ದರು. ಕರಾವಳಿಯಲ್ಲಿ ಹುಟ್ಟಿ ಇಪ್ಪತ್ತು ವರ್ಷ ದಿಲ್ಲಿಯ ಧೂಳು ಕುಡಿದ ನನಗಂತೂ ಆ ತೊಟ್ಟಿಯ ಮುಂದೆ ನಿಂತರೆ ಊರಿಗೆ ಹೋಗಿ ಬಂದಷ್ಟೇ ಸಮಾಧಾನವಾಗುತ್ತಿತ್ತು.

ಮೇ ತಿಂಗಳು ಬಂತು. ಲೂ ಗಾಳಿ ಬೀಸತೊಡಗಿತು. ತೊಟ್ಟಿಯ ನೀರು ದಿನಕ್ಕೆ ಮೂರೂವರೆ ಲೀಟರಿನಷ್ಟು ಆರಿಹೋಗುತ್ತಿತ್ತು. ನಾನು ಪ್ರತಿ ರಾತ್ರಿ ಲೆಕ್ಕ ಮುಗಿಸಿದ ಮೇಲೆ, ಉಪ್ಪು ಬೆರೆಸಿ ಸಿದ್ಧಪಡಿಸಿದ ನೀರನ್ನೇ ಅಳೆದು ಹೊಯ್ಯುತ್ತಿದ್ದೆ. ಕಡಲ ನೀರು ಕಡಿಮೆಯಾದರೆ ಕಡಲ ನೀರನ್ನೇ ತುಂಬಬೇಕಲ್ಲವೆ ಎಂಬುದು ನನ್ನ ತರ್ಕ. ಇಪ್ಪತ್ತು ದಿನಗಳೊಳಗಾಗಿ ಐದು ಮೀನುಗಳೂ ಒಂದೊಂದಾಗಿ ಸತ್ತವು. ಗಾಜನ್ನು ಒರೆಸುತ್ತಾ ಪೆಚ್ಚಾಗಿ ನಿಂತಿದ್ದ ನನ್ನನ್ನು ಕಂಡು ನಮ್ಮ ಅಡಿಗೆಯ ಭಟ್ಟರು ವಿಚಾರಿಸಿದರು. ನಡೆದುದನ್ನು ಹೇಳಿದೆ. ಅವರು ಕ್ಷಣಕಾಲ ಯೋಚಿಸಿ, "ಧಣಿಗಳೇ, ಒಲೆಯ ಮೇಲೆ ಸಾಂಬಾರು ಬತ್ತಿದರೆ ನಾವು ನೀರು ಹೊಯ್ಯುತ್ತೇವೆ. ಉಪ್ಪು ಹಾಕುತ್ತೇವೆಯೆ?" ಎಂದರು.

ಆರುವುದು ನೀರು ಮಾತ್ರ; ಉಪ್ಪು ಅಲ್ಲಿಯೇ ಉಳಿಯುತ್ತದೆ. ಲೀಟರಿಗೆ 35 ಗ್ರಾಮಿನಂತೆ ಮೂರೂವರೆ ಲೀಟರಿಗೆ 122 ಗ್ರಾಂ. ಇಪ್ಪತ್ತು ದಿನಗಳಿಗೆ ಸುಮಾರು ಎರಡೂವರೆ ಕಿಲೋ. ಏಳು ಕಿಲೋ ಉಪ್ಪಿರಬೇಕಾದ ತೊಟ್ಟಿಗೆ ನಾನು ನನ್ನ ಕೈಯಾರೆ ಇನ್ನೂ ಎರಡೂವರೆ ಕಿಲೋ ಸುರಿದಿದ್ದೆ. ದಿನಕ್ಕೆ ಹತ್ತಾರು ಪಾತ್ರೆ ಸಾಂಬಾರು ಕಾಣುತ್ತಿದ್ದ ಹೋಟೆಲಿನವನಿಗೆ ಇಷ್ಟು ಹೊಳೆಯದೆ ಹೋಯಿತು.

ನನ್ನ ಮನಸ್ಸನ್ನು ಹೆಚ್ಚು ಕುಟುಕಿದುದು ಅನಂತರದ ಸಂಗತಿ. ಕೆಲವು ತಿಂಗಳ ಮೇಲೆ ಜನಕಪುರಿಯ ಒಬ್ಬ ಮಹನೀಯರ ಪರಿಚಯವಾಯಿತು. ಎರಡು ಬೇಸಗೆಗಳ ಹಿಂದೆ ಅವರೂ ಇದೇ ರೀತಿ ಇದೇ ತಪ್ಪನ್ನು ಮಾಡಿ ಮೀನುಗಳನ್ನು ಕಳೆದುಕೊಂಡಿದ್ದರು. ನೋಯ್ಡಾದ ಒಬ್ಬ ತಾಯಿಯವರದೂ ಅದೇ ಕಥೆ. ಮೂವರೂ ಒಂದೇ ಪಾಠವನ್ನು ಮೂರು ಸಲ ಮೀನುಗಳ ಜೀವ ತೆತ್ತು ಕಲಿತಿದ್ದೆವು. ನಮ್ಮ ನಡುವೆ ಒಂದು ಮಾತುಕತೆಯ ಏರ್ಪಾಡಿದ್ದಿದ್ದರೆ ಮೊದಲನೆಯವರ ನಷ್ಟವು ಉಳಿದಿಬ್ಬರಿಗೆ ರಕ್ಷೆಯಾಗುತ್ತಿತ್ತು. ಸಂಘದ ಅಗತ್ಯಕ್ಕೆ ಇದಕ್ಕಿಂತ ದೊಡ್ಡ ಕಾರಣವನ್ನು ನಾನು ಅರಿಯೆ.

ಉಪ್ಪಿಗೆ ಬಡತನ

ಸಮುದ್ರದ ನೆಂಟಸ್ತಿಕೆ, ಉಪ್ಪಿಗೆ ಬಡತನವೆಂಬುದು ನಮ್ಮ ಗಾದೆ. ದಿಲ್ಲಿಯ ಮತ್ಸ್ಯಪ್ರಿಯರ ಪಾಡು ಅದೇ. ಅಡಿಗೆಯ ಉಪ್ಪು ಇಲ್ಲಿ ಕೆಲಸಕ್ಕೆ ಬಾರದು. ಕಡಲ ನೀರಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮೊದಲಾದ ಅನೇಕ ಲವಣಗಳು ಒಂದು ಗೊತ್ತಾದ ಪ್ರಮಾಣದಲ್ಲಿ ಕೂಡಿರುತ್ತವೆ. ಆ ಪ್ರಮಾಣಕ್ಕೆ ಸರಿಯಾಗಿ ಬೆರೆಸಿದ ಉಪ್ಪನ್ನೇ ಕೊಳ್ಳಬೇಕು. ಅದನ್ನು ಕರಗಿಸುವ ನೀರೂ ಶುದ್ಧವಾಗಿರಬೇಕು. ಗುರುಗ್ರಾಮ, ನೋಯ್ಡಾ, ಗಾಜಿಯಾಬಾದುಗಳಲ್ಲಿ ಕೊಳವೆಬಾವಿಯ ಗಡಸು ನೀರಿನ ಗುಣವನ್ನು ಬಲ್ಲದವರಾರು? ಸ್ನಾನದ ಬಕೆಟ್ಟಿನ ಅಂಚಿನ ಬಿಳಿಯ ಕರೆಯೇ ಅದಕ್ಕೆ ಸಾಕ್ಷಿ. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಆದುದರಿಂದ ಆರ್.ಓ. ಯಂತ್ರದಿಂದ ಶೋಧಿಸಿದ ನೀರು ಅನಿವಾರ್ಯ. ಹೀಗೆ ಶೋಧಿಸುವಾಗ ಹೊರಚೆಲ್ಲುವ ನೀರು ದೊರಕುವ ನೀರಿಗಿಂತ ಹೆಚ್ಚೆಂಬುದನ್ನು ನೆನಪಿಟ್ಟು, ಅದನ್ನು ನೆಲ ತೊಳೆಯಲಾದರೂ ಬಳಸಬೇಕು.

ಇನ್ನು ಹವೆಯ ಮಾತು. ಹವಳದ ದಿಬ್ಬದ ಮೀನಿಗೆ 25 ಡಿಗ್ರಿಯ ಆಸುಪಾಸಿನ ನೀರು ಹಿತ. ದಿಲ್ಲಿಯ ಜೂನಿನಲ್ಲಿ ಬಿಸಿಲು 45 ಡಿಗ್ರಿ ಮುಟ್ಟುತ್ತದೆ. ಜನವರಿಯ ರಾತ್ರಿ ನಾಲ್ಕೈದಕ್ಕಿಳಿಯುತ್ತದೆ. ಬೇಸಗೆಯಲ್ಲಿ ತಂಪುಗೊಳಿಸುವ ಚಿಲ್ಲರ್, ಚಳಿಗಾಲದಲ್ಲಿ ಹೀಟರ್ ಎರಡೂ ಬೇಕು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿದ ಆಮ್ಲಜನಕ ಕುಗ್ಗುತ್ತದೆ. ಅದೇ ಹೊತ್ತಿಗೆ ವಿದ್ಯುತ್ ನಿಂತು ಪಂಪು ಸ್ತಬ್ಧವಾದರೆ ಮೀನು ಉಸಿರುಕಟ್ಟಿ ಸಾಯಲು ಹೆಚ್ಚು ಹೊತ್ತು ಬೇಡ. ಬ್ಯಾಟರಿಯಿಂದ ನಡೆಯುವ ಗಾಳಿಪಂಪು ಇದ್ದರೆ ಜೀವ ಉಳಿಯುತ್ತದೆ.

ಹೊಸಬರು ಅತಿ ಹೆಚ್ಚಾಗಿ ಎಡವುವುದು ತಾಳ್ಮೆಯಲ್ಲಿ. ಹೊಸ ತೊಟ್ಟಿಗೆ ನೀರು ತುಂಬಿದ ಮರುದಿನವೇ ಮೀನು ಬಿಡುತ್ತಾರೆ. ಮೀನಿನ ಮಲಮೂತ್ರದಿಂದ ಹುಟ್ಟುವ ಅಮೋನಿಯಾ ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿ, ಇನ್ನೊಂದು ಜಾತಿ ಆ ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸಬೇಕು. ಇವು ಬೆಳೆಯುವವರೆಗೆ ತೊಟ್ಟಿ ಜೀವಿಗಳಿಗೆ ಯೋಗ್ಯವಲ್ಲ. ದೋಸೆಯ ಹಿಟ್ಟು ಒಂದೇ ರಾತ್ರಿಯಲ್ಲಿ ಹುದುಗುತ್ತದೆ. ತೊಟ್ಟಿಗೆ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಇಲ್ಲಿಯೂ ಸಂಘದ ಪ್ರಯೋಜನ ಸ್ಪಷ್ಟ. ನಮ್ಮ ಮನೆಗಳಲ್ಲಿ ಹೆಪ್ಪು ತೀರಿದರೆ ನೆರೆಮನೆಯಿಂದ ಒಂದು ಚಮಚ ಮೊಸರು ತರುವುದಿಲ್ಲವೆ? ಹಾಗೆಯೇ ಹಳೆಯ ಸದಸ್ಯರ ಆರೋಗ್ಯವಂತ ತೊಟ್ಟಿಯೊಳಗಿನ ಒಂದು ಹಿಡಿ ಸೋಸುಕಲ್ಲನ್ನು ತಂದು ಹಾಕಿದರೆ ಹೊಸ ತೊಟ್ಟಿಯು ಬೇಗ ಪಳಗುತ್ತದೆ. ಒಂಟಿಯಾಗಿರುವವನು ಈ ಹೆಪ್ಪನ್ನು ಎಲ್ಲಿಂದ ತರಬೇಕು?

ಹವಳ ಮಾತ್ರ ಬೇಡ

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇದನ್ನು ಹೇಳದೆ ಸಂಘ ಕಟ್ಟೋಣವೆಂದರೆ ಅದು ವಾಚಕರಿಗೆ ಮಾಡುವ ದ್ರೋಹವಾದೀತು.

ಮೀನುಗಳು ಸತ್ತ ಮೇಲೆ ಪುನಃ ತೊಟ್ಟಿಯನ್ನು ಹೂಡಲು ಹೊರಟಾಗ ಒಬ್ಬ ವ್ಯಾಪಾರಿಯು, ಹೆಸರು ಬೇಡ, ನನಗೆ ಜೀವಂತ ಹವಳದ ತುಂಡೊಂದನ್ನು ತೋರಿಸಿದನು. ಹಸಿರು ಬಣ್ಣದ, ಬೆಳಕಿಗೆ ಮಿನುಗುವ, ಅತಿ ಸುಂದರವಾದ ವಸ್ತು. ಕಾಗದಪತ್ರವುಂಟೆ ಎಂದು ಕೇಳಿದೆ. "ಮೀನಿಗೆ ಯಾರು ಸ್ವಾಮಿ ಕಾಗದ ಕೇಳುತ್ತಾರೆ?" ಎಂದು ನಕ್ಕನು. ಆ ನಗು ನನಗೆ ಹಿಡಿಸಲಿಲ್ಲ. ಹಣವನ್ನು ಜೇಬಿಗೆ ಹಿಂದಿರುಗಿಸಿ, ಮನೆಗೆ ಬಂದು ಪರಿಚಿತ ವಕೀಲರೊಬ್ಬರನ್ನು ಕೇಳಿದೆ. ಅವರ ಉತ್ತರದಿಂದ ನನ್ನ ಬೆನ್ನು ಬೆವತಿತು.

ವನ್ಯಜೀವಿ ಸಂರಕ್ಷಣಾ ಕಾಯಿದೆ 1972ರದು. ಅದರ ಒಂದನೆಯ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಗಟ್ಟಿ ಹವಳಗಳು, ಕರಿ ಹವಳ, ಬೆಂಕಿ ಹವಳ, ಸಮುದ್ರದ ಬೀಸಣಿಗೆ ಇವೆಲ್ಲವನ್ನೂ ಸೇರಿಸಲಾಯಿತು. ಕಡಲ ಕುದುರೆಯೂ ಅದೇ ವರ್ಷ ಸೇರಿತು. ಹುಲಿಯೂ ಆನೆಯೂ ಇರುವ ಅನುಸೂಚಿ ಅದು. ಜೀವಂತ ಹವಳವಷ್ಟೇ ಅಲ್ಲ, ಅದರ ಒಣಗಿದ ಅಸ್ಥಿಪಂಜರಕ್ಕೂ ಕಾಯಿದೆ ಅನ್ವಯಿಸುತ್ತದೆ. ತಪ್ಪು ರುಜುವಾತಾದರೆ ಮೂರು ವರ್ಷಕ್ಕೆ ಕಡಿಮೆಯಿಲ್ಲದೆ ಏಳು ವರ್ಷಗಳವರೆಗೆ ಸೆರೆಮನೆವಾಸ, ಮೇಲೆ ದಂಡ. 2022ರಲ್ಲಿ ತಿದ್ದುಪಡಿಯಾದ ಕಾಯಿದೆಯು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಪರದೇಶದ ಪ್ರಾಣಿಗಳನ್ನು ಇಟ್ಟುಕೊಂಡವರು ಅವುಗಳನ್ನು ನೋಂದಾಯಿಸಬೇಕೆಂಬ ಕಟ್ಟಳೆಯನ್ನೂ ಅದು ತಂದಿದೆ. (ಕುಜನ ಪ್ರೀತ್ಯರ್ಥವಾಗಿ ಉಂಗುರದಲ್ಲಿ ಧರಿಸುವ ಕೆಂಪು ಹವಳ ಬೇರೆ ಜಾತಿ, ಅದು ಹಿಂದಿನಿಂದಲೂ ಮೆಡಿಟರೇನಿಯನ್ ಸಮುದ್ರದಿಂದ ಬಂದುದು. ಆದುದರಿಂದ ಉಂಗುರ ಧರಿಸಿದವರು ಗಾಬರಿಪಡಬೇಕಾಗಿಲ್ಲ.)

ಉತ್ತರ ಅಮೆರಿಕದಲ್ಲಿ ಇಂತಹ ಹವ್ಯಾಸಿ ಸಂಘಗಳು ಬಹಳವಿದ್ದು, 1988ರಲ್ಲಿ ತಮ್ಮದೊಂದು ಒಕ್ಕೂಟವನ್ನೇ ಸ್ಥಾಪಿಸಿಕೊಂಡವು. ಅಲ್ಲಿನ ಸದಸ್ಯರು ತಮ್ಮ ತೊಟ್ಟಿಯ ಹವಳದ ತುಂಡನ್ನು, ನಾವು ಮಲ್ಲಿಗೆಯ ಕಡ್ಡಿಯನ್ನು ಕೊಟ್ಟು ತೆಗೆದುಕೊಳ್ಳುವಂತೆ, ಪರಸ್ಪರ ಹಂಚಿಕೊಳ್ಳುತ್ತಾರೆ. ಆ ಚಿತ್ರಗಳನ್ನು ನೋಡಿ ನಮ್ಮವರೂ ಮರುಳಾಗುವುದು ಸಹಜ. ಆದರೆ ಅಲ್ಲಿಯ ಪದ್ಧತಿಯು ಇಲ್ಲಿ ಅಪರಾಧ. ದಿಲ್ಲಿಯ ಸಂಘವು ಅವರ ನಕಲಾದರೆ ಮೊದಲನೆಯ ವಾರ್ಷಿಕೋತ್ಸವವನ್ನು ಠಾಣೆಯಲ್ಲಿ ಆಚರಿಸಬೇಕಾದೀತು.

ಮನೆ ಬೆಳಗಿ ಕಡಲು ಬರಿದಾದ ಕಥೆ

ಶಿಕ್ಷೆಯ ಭಯವೊಂದನ್ನೇ ಮುಂದಿಟ್ಟು ಹೇಳಿದರೆ ಮಾತು ಅರ್ಧವಾಗುತ್ತದೆ. ಈ ಹವ್ಯಾಸದ ಪೂರ್ವಚರಿತ್ರೆಯನ್ನೂ ನೋಡಬೇಕು.

1846ರಲ್ಲಿ ಅನ್ನಾ ಥಿನ್ ಎಂಬ ಆಂಗ್ಲ ಮಹಿಳೆ ಟಾರ್ಕೀ ಎಂಬ ಕಡಲೂರಿನಿಂದ ಸಣ್ಣ ಹವಳಗಳನ್ನು ಲಂಡನ್ನಿಗೆ ತಂದು ಮನೆಯಲ್ಲಿ ಸಾಕಿದರು. ಆಗ ಪಂಪುಗಳೆಲ್ಲಿ? ನೀರಿಗೆ ಗಾಳಿ ಬೆರೆಯಲೆಂದು ಮನೆಯ ಕೆಲಸದಾಕೆಯು ಕಿಟಕಿಯ ಮುಂದೆ ನಿಂತು ಪಾತ್ರೆಯಿಂದ ಪಾತ್ರೆಗೆ ನೀರು ಹೊಯ್ಯಬೇಕಾಗಿತ್ತು. ನಮ್ಮ ಹೋಟೆಲುಗಳಲ್ಲಿ ಕಾಫಿಯನ್ನು ಎತ್ತಿ ಹೊಯ್ಯುವಂತೆಯೇ ಅನ್ನಿ. 1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಮತ್ಸ್ಯಗೃಹ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿ ವಿಜ್ಞಾನಿಯು 'ದಿ ಅಕ್ವೇರಿಯಂ' ಎಂಬ ಪುಸ್ತಕವನ್ನು ಪ್ರಕಟಿಸಿದನು. ದೇಶಕ್ಕೆ ದೇಶವೇ ಬಕೆಟ್ಟು ಹಿಡಿದು ಕಡಲ ತೀರಕ್ಕೆ ಧಾವಿಸಿತು. ಬಂಡೆಗಳ ನಡುವಣ ಸಣ್ಣ ಕೊಳಗಳು ಬರಿದಾದವು. ಅದೇ ಗಾಸನ ಮಗ ಎಡ್ಮಂಡ್ ಗಾಸ್ 1907ರಲ್ಲಿ ಬರೆದ ತನ್ನ ಆತ್ಮಕಥೆಯಲ್ಲಿ, ತಂದೆಯ ಪುಸ್ತಕಗಳಿಂದ ಪ್ರೇರಿತರಾದ ಜನರೇ ಆ ತೀರಗಳನ್ನು ಹಾಳುಗೆಡವಿದರೆಂದು ಮರುಗಿದ್ದಾನೆ. ಸೌಂದರ್ಯವನ್ನು ಪ್ರೀತಿಸಿದವರೇ ಅದನ್ನು ಅಳಿಸಿದರು.

ನಮ್ಮ ಹವಳದ ದಿಬ್ಬಗಳು ಈಗಾಗಲೇ ಕಷ್ಟದಲ್ಲಿವೆ. ಹವಳವೆಂಬುದು ಕಲ್ಲಲ್ಲ, ಪ್ರಾಣಿ. ಅದರ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿಯು ಬಿಸಿಲಿನಿಂದ ಆಹಾರ ತಯಾರಿಸಿ ಅದಕ್ಕೆ ಉಣಿಸುತ್ತದೆ. ಕಡಲು ಅತಿಯಾಗಿ ಬಿಸಿಯಾದಾಗ ಈ ಪಾಚಿಯು ಹೊರಬಿದ್ದು ಹವಳ ಬೆಳ್ಳಗಾಗುತ್ತದೆ. ತಾಪ ಬೇಗ ಇಳಿಯದಿದ್ದರೆ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಹೀಗಾಯಿತು. ಗುಂಡುಬಂಡೆಯಂತಹ ಹವಳ ವರ್ಷಕ್ಕೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರು.

ಲಕ್ಷದ್ವೀಪವೆಂದರೆ ನಮಗೇನು ಎಂದು ಕೇಳಬಾರದು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಅಮಿನ್‌ದೀವಿ ದ್ವೀಪಗಳು 1956ರ ನವೆಂಬರ್ 1ರ ತನಕ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ನಮ್ಮ ರಾಜ್ಯೋತ್ಸವದ ದಿನವೇ ಅವು ನಮ್ಮಿಂದ ಬೇರೆಯಾದವು. ಅಲ್ಲಿಯ ತೆಂಗಿನ ನಾರಿಗೆ ಮಂಗಳೂರೇ ಪೇಟೆಯಾಗಿತ್ತು. ಕರ್ನಾಟಕದ ಕಡಲಿನಲ್ಲಿಯೇ ಹವಳವನ್ನು ಕಾಣಬೇಕೆನ್ನುವವರಿಗೆ ಮುರ್ಡೇಶ್ವರದ ಎದುರಿಗೆ ನೇತ್ರಾಣಿ ದ್ವೀಪವುಂಟು. ಬೇಸಗೆ ರಜೆಯಲ್ಲಿ ಊರಿಗೆ ಹೋದ ಮಕ್ಕಳಿಗೆ ಅಲ್ಲಿ ನೀರಿನೊಳಗಿಳಿದು ನೋಡುವ ಅವಕಾಶವಿದೆ. ನೋಡಿ ಬರಲಿ, ಕಿತ್ತು ತರುವುದು ಬೇಡ.

ಹಾಗಾದರೆ ಸಂಘ ಮಾಡುವುದೇನು?

ಹವಳವಿಲ್ಲದ ಮೇಲೆ ತೊಟ್ಟಿಯಲ್ಲಿ ಉಳಿಯುವುದೇನೆಂದು ಕೇಳಬಹುದು. ಉಳಿಯುವುದು ಬಹಳವುಂಟು. ಸುಣ್ಣಕಲ್ಲಿನಿಂದಲೋ ಸಿಮೆಂಟಿನಿಂದಲೋ ಬೆಂಕಿಯಲ್ಲಿ ಸುಟ್ಟ ಮಣ್ಣಿನಿಂದಲೋ ದಿಬ್ಬದ ಆಕಾರವನ್ನು ಕಟ್ಟಿಕೊಳ್ಳಬಹುದು. ಅದರಲ್ಲಿ ವಾಸಿಸುವ ಮೀನು ಮಾತ್ರ ಸಾಕಣೆಯಲ್ಲಿಯೇ ಹುಟ್ಟಿದ್ದಾಗಿರಬೇಕು. ಫಿಲಿಪೈನ್ಸಿನಲ್ಲಿ 1960ರ ದಶಕದಿಂದ ದಿಬ್ಬಗಳ ಮೇಲೆ ಸಯನೈಡ್ ಸಿಂಪಡಿಸಿ ಮತ್ತು ಬರಿಸಿ ಮೀನು ಹಿಡಿಯುವ ಕ್ರೂರ ಪದ್ಧತಿ ಹಬ್ಬಿತು. ಹಾಗೆ ಹಿಡಿದ ಮೀನು ಕೊಂಡವನ ಮನೆಯಲ್ಲಿ ಕೆಲವೇ ವಾರ ಬದುಕುವುದುಂಟು. ಅದು ಬೆಳೆದ ದಿಬ್ಬವೂ ಸಾಯುತ್ತದೆ.

ಸುದೈವದಿಂದ ಕ್ಲೌನ್ ಮೀನನ್ನು ತೊಟ್ಟಿಯಲ್ಲಿಯೇ ಮರಿಮಾಡಿಸಬಹುದು. 1947ರಲ್ಲಿ ಸ್ಥಾಪಿತವಾದ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಇದರ ಕ್ರಮವನ್ನು ರೂಢಿಸಿದ್ದಾರೆ. ಅದರ ಶಾಖೆಗಳು ನಮ್ಮ ಕಾರವಾರ, ಮಂಗಳೂರುಗಳಲ್ಲಿಯೂ ಇವೆ. ಈ ಮೀನಿನ ಸಂಸಾರ ಸ್ವಾರಸ್ಯವಾದುದು. ಹುಟ್ಟುವಾಗ ಎಲ್ಲವೂ ಗಂಡಾಗಲು ತಕ್ಕವೇ. ಗುಂಪಿನಲ್ಲಿ ಹಿರಿದಾದುದು ಹೆಣ್ಣಾಗುತ್ತದೆ. ಹೆಣ್ಣು ಸತ್ತರೆ ಅದರ ಗಂಡನೇ ಹೆಣ್ಣಾಗಿ ಮನೆಯ ಯಜಮಾನಿಕೆ ವಹಿಸುತ್ತದೆ. ಮೊಟ್ಟೆಯನ್ನು ಒಂದು ಹಂಚಿನ ಮೇಲೆಯೋ ಮಣ್ಣಿನ ಕುಂಡದ ಮೈಯ ಮೇಲೆಯೋ ಅಂಟಿಸುತ್ತದೆ. ತಂದೆಯು ಸುಮಾರು ಒಂದು ವಾರ ರೆಕ್ಕೆಯಿಂದ ಗಾಳಿ ಬೀಸುತ್ತಾ ಕಾಯುತ್ತದೆ. ದೀಪವಾರಿಸಿದ ಮೇಲೆ ಕತ್ತಲಲ್ಲಿ ಮೊಟ್ಟೆಯೊಡೆದು ಮರಿ ಹೊರಬರುತ್ತದೆ. ಮೊದಲ ದಿನಗಳಲ್ಲಿ ಅದಕ್ಕೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಟಿಫರ್ ಎಂಬ ಜೀವಿಯೇ ಆಹಾರ. ಆಮೇಲೆ ಆಗತಾನೆ ಒಡೆದ ಆರ್ಟೀಮಿಯಾ ಎಂಬ ಪುಟ್ಟ ಸಿಗಡಿಯ ಮರಿ. ಸುಮಾರು ಹದಿನೈದು ದಿನಗಳಲ್ಲಿ ಬಿಳಿಯ ಪಟ್ಟೆ ಮೂಡುತ್ತದೆ.

ಇದನ್ನು ಒಬ್ಬನೇ ಮಾಡಲು ಹೊರಟರೆ ರಾತ್ರಿ ಹಗಲು ನಿದ್ದೆಗೆಡಬೇಕು. ನಾಲ್ವರು ಕೂಡಿದರೆ ಒಬ್ಬರು ರೋಟಿಫರ್ ಬೆಳೆಸಬಹುದು, ಒಬ್ಬರು ಜೋಡಿಯನ್ನು ಸಾಕಬಹುದು, ಉಳಿದಿಬ್ಬರು ಮರಿಗಳನ್ನು ನೋಡಿಕೊಳ್ಳಬಹುದು. ಹೆಚ್ಚಿದ ಮರಿಗಳನ್ನು ಸದಸ್ಯರೇ ಹಂಚಿಕೊಂಡರೆ ಕಡಲಿನಿಂದ ಒಂದು ಮೀನನ್ನೂ ತರಬೇಕಾಗಿಲ್ಲ. ಪರದೇಶದವರು ಹವಳದ ತುಂಡನ್ನು ಹಂಚಿಕೊಂಡರೆ ನಾವು ನಮ್ಮ ಕೈಯಾರೆ ಬೆಳೆಸಿದ ಮರಿಗಳನ್ನು ಹಂಚಿಕೊಳ್ಳೋಣ.

ಸಂಘಕ್ಕೆ ಮೊದಲ ವರ್ಷ ಬೇಕಾದುದು ಅಲ್ಪ. ಉಪ್ಪಿನಂಶವನ್ನು ಅಳೆಯುವ ಒಂದು ಒಳ್ಳೆಯ ರಿಫ್ರಾಕ್ಟೋಮೀಟರ್, ಅಮೋನಿಯಾ ಮೊದಲಾದವನ್ನು ಪರೀಕ್ಷಿಸುವ ಸಾಮಗ್ರಿ, ಎರಡು ಬ್ಯಾಟರಿ ಗಾಳಿಪಂಪು. ಇವು ಸರದಿಯ ಮೇಲೆ ಮನೆಯಿಂದ ಮನೆಗೆ ಹೋಗಬಹುದು. ಉಪ್ಪನ್ನು ಚೀಲದ ಲೆಕ್ಕದಲ್ಲಿ ಕೂಡಿ ಕೊಂಡರೆ ಉಳಿತಾಯ. ಹೊಸ ಮೀನನ್ನು ನಾಲ್ಕು ವಾರ ಬೇರೆ ಇಟ್ಟು ನೋಡಲು ಸಾಮಾನ್ಯವಾದೊಂದು ತೊಟ್ಟಿಯೂ ಬೇಕು. ಬಿಳಿಚುಕ್ಕೆಯ ರೋಗವು ಹೊಸ ಮೀನಿನೊಡನೆಯೇ ಬರುವುದು. ತಿಂಗಳಿಗೊಮ್ಮೆ ಭಾನುವಾರ ಒಬ್ಬೊಬ್ಬರ ಮನೆಯಲ್ಲಿ ಸೇರೋಣ. ಫರೀದಾಬಾದಿನಿಂದ ಗಾಜಿಯಾಬಾದಿನವರೆಗೆ ಮೆಟ್ರೋ ಉಂಟಷ್ಟೆ. 1860ರ ಕಾಯಿದೆಯಂತೆ ಸಂಘವನ್ನು ನೋಂದಾಯಿಸಲು ಏಳು ಮಂದಿ ಬೇಕು. ಮೊದಲು ಏಳು ಮಂದಿಯಾಗೋಣ, ಅಧ್ಯಕ್ಷ ಕಾರ್ಯದರ್ಶಿಗಳ ಚರ್ಚೆ ಆಮೇಲಾಗಲಿ.

ನಿಯಮಗಳು ಮೂರೇ ಸಾಕು. ಒಂದು: ಹವಳ, ಕಡಲ ಕುದುರೆ ಮೊದಲಾದ ರಕ್ಷಿತ ಜೀವಿಗಳನ್ನು ಯಾವ ಸದಸ್ಯರೂ ಕೊಳ್ಳಕೂಡದು, ಸಂದೇಹವಿದ್ದ ಜೀವಿಯ ವಿಷಯದಲ್ಲಿ ಅರಣ್ಯ ಇಲಾಖೆಯನ್ನು ಬರಹದಲ್ಲಿ ಕೇಳಿ ಉತ್ತರ ಬಂದ ಮೇಲೆಯೇ ಮುಂದುವರಿಯತಕ್ಕದ್ದು. ಎರಡು: ನೀರು ಪಳಗುವ ಮೊದಲು ಮೀನು ತರಕೂಡದು. ಮೂರು: ಮೀನು ಸತ್ತರೆ ಅದನ್ನು ಮುಚ್ಚಿಡದೆ ಸಭೆಯಲ್ಲಿ ಹೇಳಬೇಕು. ಈ ಮೂರನೆಯದೇ ಅತಿ ಕಠಿಣವೆಂದು ನನಗೆ ತೋರುತ್ತದೆ. ಗೆದ್ದುದನ್ನು ಹೇಳಿಕೊಳ್ಳಲು ಸಂಘ ಬೇಡ. ಸೋತುದನ್ನು ಹೇಳಿಕೊಳ್ಳಲು ಬೇಕು. ಅದಕ್ಕಾಗಿಯೇ ನನ್ನ ಎರಡೂವರೆ ಕಿಲೋ ಉಪ್ಪಿನ ಕಥೆಯನ್ನು ಮೊದಲಿಗೇ ಹೇಳಿಬಿಟ್ಟಿದ್ದೇನೆ.

ನನ್ನ ಹಳೆಯ ತೊಟ್ಟಿ ಇನ್ನೂ ಹೋಟೆಲಿನಲ್ಲಿದೆ. ಅದರೊಳಗೆ ಈಗ ಮೀನಿಲ್ಲ. ತಮ್ಮನು ಅದರಲ್ಲಿ ಬಿಲ್ಲಿನ ಪುಸ್ತಕಗಳನ್ನಿಟ್ಟಿದ್ದಾನೆ. ಇನ್ನು ಆರು ಮಂದಿ ಮುಂದೆ ಬಂದರೆ ಪುಸ್ತಕಗಳನ್ನು ತೆಗೆಸಿ ಗಾಜು ತೊಳೆಯಿಸುತ್ತೇನೆ. ಅದು ಸಂಘದ ಮೊದಲ ತೊಟ್ಟಿಯಾಗಲಿ. ಆಸಕ್ತರು ಈ ಪತ್ರಿಕೆಯ ಕಚೇರಿಗೆ ಒಂದು ಸಾಲು ಬರೆದು ತಿಳಿಸಬೇಕಾಗಿ ಪ್ರಾರ್ಥನೆ. ಮೊದಲ ಸಭೆಯ ಕಾಫಿ ನನ್ನದು. ಅಡಿಗೆಯ ಭಟ್ಟರನ್ನೂ ಕರೆಯುತ್ತೇನೆ. ಸಂಘದ ಮೊದಲ ಸಲಹೆಗಾರರು ಅವರೇ ಅಲ್ಲವೆ?